ಒಂದು ಬಳ್ಳಿಗೆ ಹದಿನೈದು ಕೊಡ

ನಮ್ಮ ಮನೆಯ ಒಳಗೆ ಬೆಳಕು ಕಡಿಮೆ. ಮಣ್ಣಿನ ಮಾಳಿಗೆ, ಜಂತಿಗಳ ನಡುವೆ ಒಂದೇ ಬೆಳಕಿಂಡಿ. ಬೇಸಗೆಯ ಮಧ್ಯಾಹ್ನದಲ್ಲೂ ಪಡಸಾಲೆಯಲ್ಲಿ ಕೂತವರ ಮುಖ ನೆಟ್ಟಗೆ ಕಾಣುತ್ತಿರಲಿಲ್ಲ. ಆದರೂ ಯಾರು ಎಲ್ಲಿದ್ದಾರೆ ಎಂಬುದು ನೀರಿನ ಸದ್ದಿನಿಂದಲೇ ನನಗೆ ಗೊತ್ತಾಗುತ್ತಿತ್ತು. ದೇವರ ಜಗುಲಿಯ ಮುಂದೆ ಕೂತು ಅಂಗೈ ಮೇಲಿನ ಲಿಂಗಕ್ಕೆ ಅವ್ವ ನೀರೆರೆಯುವ ಸದ್ದು ಇದ್ದೂ ಇಲ್ಲದಂತೆ ಇರುತ್ತಿತ್ತು. ಬಚ್ಚಲಲ್ಲಿ ಅಪ್ಪ ಮೈಮೇಲೆ ಸುರಿದುಕೊಳ್ಳುವ ಸದ್ದು ಬೀದಿಯವರೆಗೂ ಕೇಳುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಊರ ಭಾವಿಯಿಂದ ತಲೆಯ ಮೇಲೆ ನೀರು ಹೊತ್ತವಳು ಅವ್ವ. ಜೋಳದ ನುಚ್ಚು ತೊಳೆದ ನೀರು ಕರುವಿಗೆ, ಪಾತ್ರೆ ತೊಳೆದ ನೀರು ಹಿತ್ತಲ ಪುಂಡಿ ಸೊಪ್ಪಿಗೆ. ಒಂದು ತಂಬಿಗೆ ನೀರನ್ನೂ ಅವಳು ಸುಮ್ಮನೆ ಚೆಲ್ಲಿದ್ದನ್ನು ನಾನು ನೋಡಿಲ್ಲ. ಅಪ್ಪನಿಗೆ ನೀರೆಂದರೆ ಬೇರೆಯೇ. ಅದು ತನ್ನ ಪಾಲಿಗೆ ಬರದೆ ಹೋದ ಆಸ್ತಿ.

ನಮ್ಮೂರು ಮಸ್ಕಿಯಿಂದ ಪಾಮನಕಲ್ಲೂರಿಗೆ ಹೋಗುವ ಕಡೆ, ಕಾಲುವೆ ಮುಟ್ಟದ ಜಾಗದಲ್ಲಿದೆ. ಮಳೆ ನಂಬಿದ ಜೋಳ, ತೊಗರಿ, ಶೇಂಗಾ. ಕಾಳು ಮಾರಲು ಅಪ್ಪ ಸಿಂಧನೂರಿಗೆ ಹೋಗುತ್ತಿದ್ದ. ಬಳಗಾನೂರು ದಾಟಿದರೆ ಸಾಕು, ಬಸ್ಸಿನ ಎರಡೂ ಕಡೆ ನೆಲ್ಲಿನ ಗದ್ದೆ, ತುಂಬಿ ಹರಿಯುವ ಕಾಲುವೆ. ಸಿಂಧನೂರಿನಿಂದ ಬಂದ ದಿನ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ರೊಟ್ಟಿ ಮುರಿಯುತ್ತ ಒಮ್ಮೆ ತನಗೆ ತಾನೇ ಎಂಬಂತೆ ಹೇಳಿದ್ದ:

"ಅಲ್ಲಿ ನೀರು ಮಂದಿನ್ನ ಹುಡುಕ್ಕೊಂಡು ಬರ್ತೈತಿ. ಇಲ್ಲಿ ನಾವ ನೀರನ್ನ ಹುಡುಕ್ಕೊಂಡು ಸಾಯಬೇಕು."

ಕೊನೆಗೆ ಹುಡುಕಿಯೇ ಬಿಟ್ಟ. ಕೆಂಪು ಮಣ್ಣಿನ ಹೊಲದಲ್ಲಿ ಬಂಡೆ ಸಿಡಿಸಿ ಭಾವಿ ತೋಡಿಸಿದಾಗ ಊರೇ ಬಂದು ನೋಡುವಷ್ಟು ನೀರು ಬಿತ್ತು. ಹೈದರಾಬಾದಿಗೆ ಹೋದಾಗ ಬಸ್ಸಿನ ಕಿಟಕಿಯಿಂದ ದ್ರಾಕ್ಷಿ ಚಪ್ಪರಗಳನ್ನು ನೋಡಿ ಬಂದಿದ್ದ ಅಪ್ಪ, ಅಲ್ಲಿಂದಲೇ ಅನಾಬಿ ಶಾಹಿ ಬಳ್ಳಿಯ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತರಿಸಿದ. ಎರಡು ಎಕರೆ, ನಾಲ್ಕುನೂರು ಬಳ್ಳಿ. ಕಲ್ಲಿನ ಕಂಬ ನಿಲ್ಲಿಸಿ, ಮೇಲೆ ತಂತಿ ಎಳೆದು ಚಪ್ಪರ ಹಾಕಿದ. ಅದರ ಕೆಳಗೆ ನಿಂತರೆ ನಮ್ಮ ಊರಿನಲ್ಲಿ ನಿಂತಂತೆ ಅನಿಸುತ್ತಿರಲಿಲ್ಲ. ಮೊದಲ ಸಲ ಬಿಟ್ಟ ಹತ್ತಿಪ್ಪತ್ತು ಗೊನೆಗಳನ್ನು ಅವ್ವ ಜಗುಲಿಯ ಮುಂದಿಟ್ಟು, ಆಮೇಲೆ ಮನೆ ಮನೆಗೆ ಹಂಚಿದಳು. ಒಂದು ಗೊನೆ ಹುಲಿಗೆಮ್ಮನಿಗೂ ಹೋಯಿತು.

ಹುಲಿಗೆಮ್ಮ ಬಳ್ಳಿ ನೆಟ್ಟ ದಿನದಿಂದ ನಮ್ಮ ತೋಟದಲ್ಲಿ ಕೂಲಿ ಮಾಡುತ್ತಿದ್ದವಳು. ಅವಳ ಮನೆ ಊರ ಹೊರಗಿನ ಕೇರಿಯಲ್ಲಿ. ಮಗಳು ದುರುಗಿ ನನ್ನ ಜೊತೆ ಆರನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಕೇರಿಯ ಭಾವಿಯದು ಸವುಳು ನೀರು; ಬೇಸಗೆಯಲ್ಲಿ ಅದೂ ಬತ್ತುತ್ತಿತ್ತು. ಹಾಗಾಗಿ ನಮ್ಮ ತೋಟದ ಮೋಟರ್ ಹಚ್ಚುವ ಹೊತ್ತಿಗೆ ಕೇರಿಯ ಹೆಂಗಸರು ಬಂದು, ಪೈಪಿನಿಂದ ಸಿಮೆಂಟಿನ ತೊಟ್ಟಿಗೆ ನೀರು ಬೀಳುವಾಗ ಕೊಡ ಒಡ್ಡಿ ಹಿಡಿದುಕೊಂಡು ಹೋಗುತ್ತಿದ್ದರು. ಅವರು ಭಾವಿಗೆ ಇಳಿಯುವಂತಿರಲಿಲ್ಲ, ತೊಟ್ಟಿಯಲ್ಲಿ ಕೊಡ ಮುಳುಗಿಸುವಂತಿರಲಿಲ್ಲ. ಪೈಪಿನ ನೀರು ಹಿಡಿಯಲು ಬಿಟ್ಟಿದ್ದನ್ನೇ ನಮ್ಮ ಮನೆಯಲ್ಲಿ ದೊಡ್ಡ ಉಪಕಾರವೆಂದು ತಿಳಿದಿದ್ದೆವು. ನಾನೂ ಹಾಗೇ ತಿಳಿದಿದ್ದೆ. ದುರುಗಿ ಬೆಳಿಗ್ಗೆ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಮನೆಗೆ ಒಯ್ದು ಇಳಿಸಿ, ಓಡಿಬಂದು ನನ್ನ ಜೊತೆ ಸಾಲಿಗೆ ನಡೆಯುತ್ತಿದ್ದಳು. ದಾರಿಯುದ್ದಕ್ಕೂ ಅವಳ ಲಂಗದ ಒಂದು ಮಗ್ಗುಲು ಒದ್ದೆಯಾಗಿರುತ್ತಿತ್ತು.

ಆ ವರ್ಷ ಏಪ್ರಿಲ್‌ನಲ್ಲಿ ಚಾಟ್ನಿ ಆಯಿತು. ಎಂದರೆ ಬಳ್ಳಿಯ ಹಳೆಯ ಕೊಂಬೆಗಳನ್ನೆಲ್ಲ ಕತ್ತರಿಸಿ ಹೊಸ ಚಿಗುರಿಗೆ ಬಿಟ್ಟರು. ಬಿಸಿಲು ಏರತೊಡಗಿದಂತೆ ಭಾವಿಯ ನೀರು ಕೆಳಗಿಳಿಯಿತು. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಮೋಟರ್ ಹಚ್ಚಿದರೆ ತಳ ಕಾಣುತ್ತಿತ್ತು. ಬಳ್ಳಿಗೆ ನಿಜಕ್ಕೂ ಎಷ್ಟು ನೀರು ಬೇಕು, ಭಾವಿ ಎಷ್ಟು ಕೊಡುತ್ತದೆ ಎಂದು ತಿಳಿಯಬೇಕೆಂದು ಅಪ್ಪನಿಗೆ ಹಟ ಬಂತು. ತೋಟಗಾರಿಕೆ ಇಲಾಖೆಯ ಸಹಾಯಕರನ್ನು ಕರೆಸಿದ. ಅವರು ಆಗಷ್ಟೇ ನೌಕರಿಗೆ ಸೇರಿದ್ದ, ಮೆಲುದನಿಯ ಮನುಷ್ಯ. ಮೊಪೆಡ್ ಮೇಲೆ ಬಂದರು. ಪಾತಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು, ಬಳ್ಳಿಯಿಂದ ಬಳ್ಳಿಗೆ ಹೆಜ್ಜೆ ಹಾಕಿ ಅಳೆದರು, ಆಮೇಲೆ ಹೇಳಿದರು:

"ಈ ಮಣ್ಣಿಗೆ, ಈ ಬಿಸಿಲಿಗೆ, ಒಂದು ಬಳ್ಳಿಗೆ ಹದಿನೈದು ಕೊಡ ಹಿಡೀರಿ ಗೌಡ್ರ."

"ಬರಕೊ ಶರಣಿ," ಎಂದು ಅಪ್ಪ ನನಗೆ ಹೇಳಿ, ಅವರಿಗೆ ಮಜ್ಜಿಗೆ ತರಲು ತೋಟದ ಗುಡಿಸಲಿನತ್ತ ಹೋದ.

ನಾನು ಹೊಸ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡೆ. ಸಹಾಯಕರು ಮೊಪೆಡ್ಡಿನ ಹತ್ತಿರ ನಿಂತು ಇನ್ನೊಂದೆರಡು ಮಾತು ಹೇಳಿದರು. ಅದನ್ನೂ ಅವಸರದಲ್ಲಿ ಬುಕ್ಕಿನ ಕೊನೆಯ ಹಾಳೆಯಲ್ಲಿ ಗೀಚಿಕೊಂಡೆ.

ಲೆಕ್ಕ ಎಂದರೆ ನನಗೆ ಆಗಲೇ ಹುಚ್ಚು. ಮರುದಿನ ಅಪ್ಪನ ಕೈಗಡಿಯಾರ ಇಸಿದುಕೊಂಡು, ಪೈಪಿನ ಕೆಳಗೆ ಖಾಲಿ ಡ್ರಮ್ಮು ಇಡಿಸಿ, ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿದೆ. ಇಪ್ಪತ್ತನಾಲ್ಕು ಸೆಕೆಂಡು. ಡ್ರಮ್ಮಿಗೆ ಹದಿಮೂರು ಕೊಡ ನೀರು. ಅಂದರೆ ದಿನಕ್ಕೆ ಭಾವಿ ಕೊಡುವುದು ಹತ್ತಿರ ಹತ್ತಿರ ಮೂರು ಸಾವಿರ ಕೊಡ. ನಾಲ್ಕುನೂರು ಬಳ್ಳಿಗೆ ಹದಿನೈದರಂತೆ ಬೇಕಾಗುವುದು ಆರು ಸಾವಿರ. ಪಡಸಾಲೆಯಲ್ಲಿ ಬೆಳಕಿಂಡಿಯ ಕೆಳಗೆ ಕೂತು ನಾನು ಅಪ್ಪನಿಗೆ ಇದನ್ನು ಓದಿ ಹೇಳಿದೆ.

"ಅರ್ಧಕ್ಕಷ್ಟ ಸಾಲ್ತೈತಿ ಅಂದಂಗಾತು," ಎಂದ. ಆಮೇಲೆ ಕೇಳಿದ, "ಕೇರಿ ಮಂದಿ ದಿನಾ ಎಷ್ಟು ಒಯ್ತಾರ?"

ಇದು ಅವನು ಕೇಳಿದ ಪ್ರಶ್ನೆ. ಆದರೆ ಎರಡು ದಿನ ಬೇವಿನ ಮರದ ಕೆಳಗೆ ಕೂತು, ಬಂದವರ ಕೊಡಗಳನ್ನು ಒಂದೊಂದಾಗಿ ಎಣಿಸಿ ಗೀಟು ಹಾಕಿದವಳು ನಾನು. ಹೆಂಗಸರು ಏನೋ ಸಾಲಿಯ ಕೆಲಸವಿರಬೇಕೆಂದುಕೊಂಡರು. ದುರುಗಿ ಬಂದು ಬಗ್ಗಿ ನೋಡಿದಳು.

"ಏನ ಅದು, ಗೀಟು?"

"ಲೆಕ್ಕ."

"ನಂದೂ ಹಾಕೀಯೇನು?"

"ಹಾಕೀನಿ. ಎರಡು."

ಅವಳಿಗೆ ಖುಷಿಯಾಯಿತು. ದಿನಕ್ಕೆ ನೂರಿಪ್ಪತ್ತು ಕೊಡ ಆಗುತ್ತಿತ್ತು. ಹದಿನೈದರಿಂದ ಭಾಗಿಸಿದರೆ ಎಂಟು ಸರಿಯಾಗಿ ಬಂತು, ಶೇಷ ಏನೂ ಉಳಿಯಲಿಲ್ಲ. ಶೇಷ ಉಳಿಯದ ಭಾಗಾಕಾರ ಕಂಡರೆ ನನಗೆ ಆಗುವ ಸಂತೋಷ ಆಗಲೂ ಆಯಿತು. ಅಪ್ಪ ಕೇಳದಿದ್ದರೂ ಅದರ ಕೆಳಗೆ ಬರೆದೆ: ಕೇರಿಗೆ ಹೋಗುವ ನೀರು, ದಿನಕ್ಕೆ ಎಂಟು ಬಳ್ಳಿಯ ನೀರು.

ಆ ಸಂಜೆ ಊಟಕ್ಕೆ ಕೂತಾಗ ಅಪ್ಪ, ನಾಳೆಯಿಂದ ಕೇರಿಗೆ ತೋಟದ ನೀರು ಬಂದ್ ಎಂದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು.

"ನೀರು ಕೇಳ್ದೋರಿಗೆ ಇಲ್ಲ ಅಂದ ಮನಿ ಅಲ್ಲ ಇದು."

"ಇಲ್ಲ ಅಂತ ನಾ ಅನ್ನಾಕತ್ತಿಲ್ಲ. ಹಿಸಾಬು ಅನ್ನಾಕತ್ತೈತಿ. ನಿನ್ನ ಮಗಳ ಬರದಾಳ, ಓದಿಸಿ ಕೇಳು."

ಅವ್ವನಿಗೆ ಓದು ಬರುತ್ತಿರಲಿಲ್ಲ. ಅವಳು ಓದು ಎಂದು ನನಗೆ ಹೇಳಲೂ ಇಲ್ಲ. ಆದರೆ ನಾನು ಎದ್ದುಹೋಗಿ ನೋಟುಬುಕ್ಕು ತಂದು, ದೀಪಕ್ಕೆ ಹಿಡಿದು, ಮೊದಲಿಂದ ಕೊನೆಯವರೆಗೂ ಓದಿದೆ. ಓದಿ ಮುಗಿಸಿದಾಗ ಒಲೆಯ ಮೇಲಿನ ರೊಟ್ಟಿ ಸೀದಿತ್ತು.

"ಎಂಟು ಬಳ್ಳಿ ಹೋದ್ರ ಹೋಗ್ಲೇಳ್ರಿ," ಎಂದಳು ಅವ್ವ.

"ದಿನಾ ಎಂಟು. ಎರಡು ತಿಂಗಳಿಗೆ ತ್ವಾಟನ ಹೋತು," ಎಂದ ಅಪ್ಪ.

ಆ ಮಾತಿನಲ್ಲಿ ಲೆಕ್ಕವೇ ಇರಲಿಲ್ಲ. ದಿನವೂ ಹೋಗುವುದು ಅದೇ ಎಂಟು ಬಳ್ಳಿಯ ನೀರು; ಅವನು ದಿನ ದಿನಕ್ಕೂ ಹೊಸ ಎಂಟು ಬಳ್ಳಿ ಒಣಗುತ್ತವೆಂದು ಎಣಿಸುತ್ತಿದ್ದ. ಅದು ನನಗೆ ಆ ಕ್ಷಣಕ್ಕೇ ಹೊಳೆಯಿತು, ನಾನು ತಿದ್ದಲಿಲ್ಲ. ಅವ್ವ ಸೀದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡು ಮುಂದಿನದನ್ನು ಬಡಿಯತೊಡಗಿದಳು.

ಮರುದಿನ ಬೆಳಿಗ್ಗೆ ತೋಟದ ಕಾಲುದಾರಿಗೆ ಅಡ್ಡ ಜಾಲಿ ಮುಳ್ಳಿನ ಕಂಟಿ ಬಿತ್ತು. ಹೆಂಗಸರು ಕೊಡ ಹಿಡಿದು ಆಚೆ ನಿಂತರು. ಮುಂದೆ ಹುಲಿಗೆಮ್ಮ, ಅವಳ ಪಕ್ಕದಲ್ಲಿ ದುರುಗಿ. ಅಪ್ಪ ಬೈಯಲಿಲ್ಲ, ದನಿ ಏರಿಸಲಿಲ್ಲ. ಅವನು ಅಂಥ ಮನುಷ್ಯನೂ ಅಲ್ಲ.

"ಮಳಿ ಬರೋ ತನಕ ಅಷ್ಟ. ನನ್ನ ಕೈಯಾಗ ಏನಿಲ್ಲ, ಇಕಿನ್ನ ಕೇಳ್ರಿ, ಹಿಸಾಬು ಇಕಿ ಕಡೆ ಐತಿ," ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದೆ ನಿಲ್ಲಿಸಿದ.

ನಾನು ಓದಿದೆ. ಸಾಲಿಯಲ್ಲಿ ಪದ್ಯ ಒಪ್ಪಿಸುವಾಗಿನ ದನಿಯಲ್ಲಿ, ತಡವರಿಸದೆ ಓದಿದೆ. "ದಿನಾ ನೂರಿಪ್ಪತ್ತು ಕೊಡ ನೀವು ಒಯ್ತೀರಿ. ಅದು ಎಂಟು ಬಳ್ಳಿ ನೀರು," ಎಂದಾಗ ತಲೆ ಎತ್ತಿ ನೋಡಿದೆ. ದುರುಗಿ ನನ್ನನ್ನು ನೋಡುತ್ತಿರಲಿಲ್ಲ, ಬುಕ್ಕನ್ನು ನೋಡುತ್ತಿದ್ದಳು. ಅದರಲ್ಲಿ ತನ್ನ ಎರಡು ಗೀಟು ಎಲ್ಲಿವೆ ಎಂದು ಹುಡುಕುತ್ತಿದ್ದಳೋ ಏನೋ. ಹುಲಿಗೆಮ್ಮ ಮಾತ್ರ ಅಪ್ಪನಿಗೆ ಹೇಳಿದಳು:

"ಗೌಡ್ರ, ಪಾತಿ ಒಳಗ ಗೇಣುದ್ದ ಕೈ ಹಾಕಿ ನೋಡೀನ್ರಿ ನಿನ್ನೆ. ಹಸಿ ಐತಿ. ಬಳ್ಳಿ ನೀರು ಕೇಳವಲ್ದು."

"ನಿನ್ನ ಕಿವ್ಯಾಗ ಬಂದು ಹೇಳೈತೇನು ಬಳ್ಳಿ?" ಎಂದು ಅಪ್ಪ ನಕ್ಕ. ನಾನೂ ನಕ್ಕೆ.

ಕೇರಿಯವರು ಎರಡು ಮೈಲಿ ಆಚೆಯ ಹಳ್ಳಕ್ಕೆ ಹೋಗತೊಡಗಿದರು. ಉಸುಕಿನಲ್ಲಿ ಮೊಳದಷ್ಟು ಗುಂಡಿ ತೋಡಿ, ಒಸರುವ ನೀರನ್ನು ಬಟ್ಟಲಿನಿಂದ ಗೋರಿ ಕೊಡ ತುಂಬಬೇಕು. ಹುಲಿಗೆಮ್ಮ ಕೂಲಿಗೆ ಬರುವುದನ್ನು ಬಿಡಲಿಲ್ಲ. ಬಿಟ್ಟರೆ ಅವಳಿಗೆ ನಡೆಯುತ್ತಿರಲಿಲ್ಲ. ದಿನವಿಡೀ ನಮ್ಮ ಬಳ್ಳಿಗಳಿಗೆ ನೀರು ತಿರುವಿ, ಸಂಜೆ ಖಾಲಿ ಕೈಯಲ್ಲಿ ತೋಟದಿಂದ ಹೊರಡುತ್ತಿದ್ದಳು. ಅವ್ವ ಹಿತ್ತಲ ಬಾಗಿಲಿಂದ ಮನೆಯ ಹಂಡೆಯ ನೀರನ್ನೇ ಎರಡು ಕೊಡ ಅವಳಿಗೆ ಕೊಡುತ್ತಿದ್ದಳು. ಅದನ್ನು ಕಂಡೂ ನಾನು ಅಪ್ಪನಿಗೆ ಹೇಳಲಿಲ್ಲ. ಅದೊಂದೇ ಆ ಬೇಸಗೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ. ಅದೂ ಅವ್ವನ ಕಣ್ಣಿಗೆ ಹೆದರಿ. ಆ ದಿನಗಳಲ್ಲಿ ಅವಳು ನನ್ನ ತಾಟಿಗೆ ರೊಟ್ಟಿ ಹಾಕುವಾಗ ಮುಖ ನೋಡುತ್ತಿರಲಿಲ್ಲ.

ಸಾಲಿ ತೆರೆಯುವ ಮುಂಚೆ ಪಾಮನಕಲ್ಲೂರಿನಿಂದ ಅಪ್ಪನ ಕಡೆಯ ನಾಲ್ಕು ಮಂದಿ ತೋಟ ನೋಡಲು ಬಂದರು. ಚಪ್ಪರ ಹಸಿರು ತುಂಬಿ ಬಿಸಿಲು ಕೆಳಗಿಳಿಯದಂತೆ ಆಗಿತ್ತು. ಪಡಸಾಲೆಯಲ್ಲಿ ಅವರಿಗೆ ಅವ್ವ ಶೇಂಗಾ ಹೋಳಿಗೆ ಬಡಿಸುತ್ತಿದ್ದಳು. ಅಪ್ಪ ನನ್ನನ್ನು ಕರೆದು, ಭುಜದ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂಡಿಸಿಕೊಂಡ.

"ನನಗ ಗಂಡುಮಕ್ಕಳಿಲ್ಲ ಅಂತ ಮಂದಿ ಆಡ್ಕೊಂತಾರ. ಈ ತ್ವಾಟದ ನೀರಿನ ಹಿಸಾಬು ಪೂರಾ ಇಕೀದ. ಸಹಾಯಕನೂ ಬೆರಗಾಗಬೇಕು."

ಅವರು ನನ್ನ ನೋಟುಬುಕ್ಕು ಕೈಯಿಂದ ಕೈಗೆ ದಾಟಿಸಿ ನೋಡಿದರು. ಅವರು ಹೋದ ಮರುದಿನ ಆ ಬುಕ್ಕಿಗೆ ಖಾಕಿ ಹಾಳೆಯ ಹೊದಿಕೆ ಹಾಕಬೇಕೆಂದು ಕೂತೆ. ಹೊದಿಕೆ ಮಡಚಲು ಕೊನೆಯ ಹಾಳೆ ತಿರುವಿದಾಗ ನನ್ನದೇ ಗೀಚಕ್ಷರ ಕಂಡಿತು: "ನಾಲ್ಕು ದಿನಕ್ಕೊಮ್ಮೆ. ಬೇಸಗೆಯಲ್ಲಿ ಹೆಚ್ಚಾಗಬಾರದು."

ಹದಿನೈದು ಕೊಡ ದಿನಕ್ಕಲ್ಲ, ನಾಲ್ಕು ದಿನಕ್ಕೆ. ಲೆಕ್ಕ ಮಾಡಲು ಪೆನ್ಸಿಲ್ಲು ಬೇಕಾಗಲಿಲ್ಲ. ತೋಟಕ್ಕೆ ದಿನಕ್ಕೆ ಬೇಕಾದದ್ದು ಸಾವಿರದ ಐನೂರು ಕೊಡ, ಭಾವಿಯಲ್ಲಿದ್ದದ್ದು ಮೂರು ಸಾವಿರ. ಕೇರಿಯ ನೂರಿಪ್ಪತ್ತಲ್ಲ, ಅದರ ಹತ್ತು ಪಟ್ಟು ಒಯ್ದರೂ ನಡೆಯುತ್ತಿತ್ತು. ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಹತ್ತು ಹೆಜ್ಜೆ ದೂರ. ಹೋಗಿ ಹೇಳಿದ್ದರೆ ಒಂದು ಏಟು ಬೀಳುತ್ತಿತ್ತೇನೋ, ಇಲ್ಲವೇ ಅದೂ ಇಲ್ಲ. ಆದರೆ ಹಿಂದಿನ ದಿನ ನನ್ನ ಭುಜದ ಮೇಲಿದ್ದ ಅವನ ಕೈಯನ್ನು ನಾನು ಕಳೆದುಕೊಳ್ಳಲು ತಯಾರಿರಲಿಲ್ಲ. ಆ ಹಾಳೆಯನ್ನು ಹರಿದು, ಬಚ್ಚಲ ಒಲೆಗೆ ಹಾಕಿ, ಪೂರ್ತಿ ಉರಿಯುವ ತನಕ ನಿಂತು ನೋಡಿದೆ. ಆಮೇಲೆ ಹೊದಿಕೆ ಹಾಕಿದೆ.

ಸಾಲಿ ಶುರುವಾದಾಗ ದುರುಗಿ ತಡವಾಗಿ ಬರತೊಡಗಿದಳು. ಹಳ್ಳದಿಂದ ಎರಡನೆಯ ಸಲ ನೀರು ತರುವಷ್ಟರಲ್ಲಿ ಮೊದಲ ಗಂಟೆ ಮುಗಿದಿರುತ್ತಿತ್ತು. ಮಾಸ್ತರು ಹೊರಗೆ ನಿಲ್ಲಿಸುತ್ತಿದ್ದರು. ನಾಲ್ಕಾರು ದಿನ ನಿಂತಳು, ಆಮೇಲೆ ಬರಲೇ ಇಲ್ಲ. ಮಳೆ ಬಂತು, ಕಂಟಿ ತೆಗೆದರು, ಹಳ್ಳ ತುಂಬಿತು. ಅಷ್ಟರಲ್ಲಿ ಅವಳು ಬಳಗಾನೂರಿನ ಕಡೆ ನೆಲ್ಲು ನಾಟಿಗೆ ಹೋಗುವ ಹೆಂಗಸರ ಜೊತೆ ಹೋಗಿಯಾಗಿತ್ತು. ಬಾಗಿಲಲ್ಲಿ ಅವಳು ನಿಲ್ಲುತ್ತಿದ್ದ ಆ ನಾಲ್ಕಾರು ದಿನ ನಾನು ಎರಡನೆಯ ಸಾಲಿನಲ್ಲಿ ಕೂತು ಹಲಗೆಯ ಮೇಲಿನ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಬಿಡಿಸುತ್ತಿದ್ದೆ.

ಅಕ್ಟೋಬರಿನಲ್ಲಿ ಇನ್ನೊಂದು ಚಾಟ್ನಿ ಆದ ಮೇಲೆ ಚಿಗುರಿನ ಜೊತೆ ಗೊನೆ ಕಾಣಬೇಕು. ನಮ್ಮ ತೋಟದಲ್ಲಿ ಚಿಗುರು ಬಂತು, ಗೊನೆ ಬರಲಿಲ್ಲ. ಎಲ್ಲೋ ಹತ್ತು ಬಳ್ಳಿಗೊಂದು. ಉಳಿದದ್ದೆಲ್ಲ ಎಲೆ, ತಂತಿಗೆ ಸುತ್ತಿಕೊಂಡ ಕುಡಿ. ಅಪ್ಪ ಮತ್ತೆ ಸಹಾಯಕರನ್ನು ಕರೆಸಿದ. ಅವರು ಚಪ್ಪರದ ಕೆಳಗೆ ಉದ್ದಕ್ಕೂ ನಡೆದು ಬಂದು ಕೇಳಿದರು:

"ಬ್ಯಾಸಗ್ಯಾಗ ನೀರು ಎಷ್ಟು ಕೊಟ್ರಿ?"

ಅಪ್ಪ ಬುಕ್ಕು ಕೊಟ್ಟ. ಅವರು ಓದಿದರು. ಬೇಸಗೆಯಲ್ಲಿ ಬಳ್ಳಿ ಸ್ವಲ್ಪ ಬಾಯಾರಿದರೇ ಕೊಂಬೆಯ ಕಣ್ಣಿನೊಳಗೆ, ಅಂದರೆ ಚಿಗುರು ಒಡೆಯುವ ಮೊಗ್ಗಿನೊಳಗೆ, ಗೊನೆ ಕಟ್ಟುವುದು, ನೀರು ಹೆಚ್ಚಾದರೆ ಸೊಕ್ಕಿ ಬರೀ ಎಲೆ ಬಿಡುತ್ತದೆ ಎಂದು ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾಲ್ಕು ದಿನಕ್ಕೊಮ್ಮೆ ಅಂತ ಹೇಳಿದ್ನಲ್ಲಮ್ಮ ನಿನಗ? ನೀ ಬರಕೊಂಡಿದ್ದಿ."

ಅಪ್ಪ ನನ್ನನ್ನು ನೋಡಿದ.

"ಇಲ್ರಿ. ನೀವು ಹಂಗ ಹೇಳಲಿಲ್ರಿ," ಎಂದೆ.

ಅಪ್ಪ ಬುಕ್ಕು ಇಸಿದುಕೊಂಡು ಮೊದಲ ಹಾಳೆಯಿಂದ ಕೊನೆಯವರೆಗೂ ಅವರ ಮುಂದೆ ತಿರುವಿ ತೋರಿಸಿದ. ಎಲ್ಲಿಯೂ ಇರಲಿಲ್ಲ. "ನಿಮ್ಮ ಒಂದು ಮಾತಿಗೆ ನಮ್ಮ ವರ್ಷ ನುಕ್ಸಾನ ಆತಲ್ರಿ," ಎಂದ. ಆ ಮನುಷ್ಯ ವಾದಿಸಲಿಲ್ಲ. ಹಣೆ ಒರೆಸಿಕೊಂಡು, "ಇರಬೌದ್ರಿ, ಗೌಡ್ರ. ನಾನ ಹೇಳೋದು ಮರ್ತಿರಬೌದು," ಎಂದರು. ಅವ್ವ ಕಳಿಸಿದ್ದ ಮಜ್ಜಿಗೆಯನ್ನೂ ಕುಡಿಯದೆ ಹೋದರು. ಮತ್ತೆ ನಮ್ಮ ಊರಿಗೆ ಬಂದದ್ದು ನನಗೆ ನೆನಪಿಲ್ಲ.

ಮುಂದೆ ಕೇರಿಗೆ ಸರಕಾರದ ಬೋರಿಂಗು ಬಂತು. ತೋಟ ಇನ್ನೂ ಕೆಲವು ವರ್ಷ ಇದ್ದು, ರೋಗ ಬಿದ್ದು ಹೋಯಿತು. ನಾನು ಓದಿ ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೇ ಬಂದು ಉಳಿದಳು. ಅಪ್ಪನಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ತರಗತಿಗೆ ತಡವಾಗಿ ಬಂದ ಹುಡುಗಿಯರನ್ನು ಹೊರಗೆ ನಿಲ್ಲಿಸಲು ನನಗೆ ಆಗುತ್ತಿರಲಿಲ್ಲ. ಅದನ್ನು ನನ್ನ ಮೆದು ಸ್ವಭಾವವೆಂದು ಜೊತೆಯವರು ಹೊಗಳಿದಾಗಲೆಲ್ಲ ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದೆ. ಒಂದು ಭಾನುವಾರ ತಡೆಯಲಾಗದೆ, ಮಸ್ಕಿಯಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ನೇರವಾಗಿ ಕೇರಿಗೆ.

ಹುಲಿಗೆಮ್ಮ ಮನೆಯ ಮುಂದಿನ ನೆರಳಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ ಗೋಣಿ ಹಾಸಿದಳು. ದುರುಗಿ ಬಳಗಾನೂರಿನಲ್ಲೇ ಮದುವೆಯಾಗಿದ್ದಾಳೆ, ಮೂರು ಮಕ್ಕಳು, ಈಗಲೂ ನಾಟಿಗೆ ಹೋಗುತ್ತಾಳೆ ಎಂದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹೇಳಿದೆ. ಲೆಕ್ಕ ತಪ್ಪಿದ್ದು, ಗೊತ್ತಾದ ಮೇಲೂ ಮುಚ್ಚಿಟ್ಟಿದ್ದು, ಹಾಳೆ ಸುಟ್ಟಿದ್ದು, ಸಹಾಯಕರ ಮೇಲೆ ಸುಳ್ಳು ಹೇಳಿದ್ದು.

"ಲೆಕ್ಕ ಬರೋಬ್ಬರಿ ಮಾಡಿದ್ರ ನಿಮ್ಮ ನೀರು ನಿಲ್ತಿರಲಿಲ್ಲ, ಹುಲಿಗೆಮ್ಮ. ದುರುಗಿ ಸಾಲಿ ಬಿಡ್ತಿರಲಿಲ್ಲ. ತಪ್ಪು ನಂದು," ಎಂದೆ.

ಅವಳು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ, ಕಾಳನ್ನು ಮೊರಕ್ಕೆ ಹಾಕಿದಳು. ಸಿಟ್ಟಿನ ಗುರುತೂ ಇಲ್ಲದ ದನಿಯಲ್ಲಿ ಕೇಳಿದಳು:

"ಲೆಕ್ಕ ಬರೋಬ್ಬರಿ ಇದ್ದಿದ್ರ, ಶರಣವ್ವ? ತ್ವಾಟಕ್ಕ ಖರೇನ ಆರು ಸಾವಿರ ಕೊಡ ಬೇಕಿದ್ರ, ಆವಾಗ ನಮ್ಮ ನೀರು ನಿಲ್ಸಿದ್ದು ನ್ಯಾಯ ಆಕ್ಕಿತ್ತೇನು?"

ಇಲ್ಲ ಎನ್ನಬೇಕಿತ್ತು. ಒಂದೇ ಮಾತು. ಆದರೆ ಬೇವಿನ ಕೆಳಗೆ ಕೂತು ಗೀಟು ಹಾಕಿದ ಹುಡುಗಿ ಹೌದು ಎಂದೇ ಅನ್ನುತ್ತಿದ್ದಳು. ಆ ಭಾನುವಾರ ಬಸ್ಸು ಹತ್ತಿದ ಟೀಚರೂ ಅದೇ ಹೌದನ್ನು ಒಳಗಿಟ್ಟುಕೊಂಡು, ಬರೀ ಭಾಗಾಕಾರದ ತಪ್ಪಿಗೆ ಕ್ಷಮೆ ಕೇಳಲು ಬಂದಿದ್ದಳು. ಅದು ನನಗೆ ಅಲ್ಲಿ, ಅವಳ ಗೋಣಿಯ ಮೇಲೆ ಕೂತಾಗ ಮೊದಲ ಸಲ ತಿಳಿಯಿತು.

ಹುಲಿಗೆಮ್ಮ ಉತ್ತರಕ್ಕೆ ಕಾಯಲೂ ಇಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ತಾನೇ ಎದ್ದು, ಮೊರದ ಕಾಳನ್ನೆಲ್ಲ ಒಂದು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಕೈಗಿಟ್ಟಳು.

"ನಿಮ್ಮವ್ವಗ ಕೊಡು," ಎಂದಳು.